ಒಂದೇ ದಿನ 833 ಆಪರೇಷನ್ ಮಾಡಿದ ಡಾ. ಎಂ.ಸಿ. ಮೋದಿ: ಕನ್ನಡಕ ಬಿಡಿಸುವ ಲೇಸರ್‌ಗೆ ಹೊರಡುವ ಮುನ್ನ ತಿಳಿಯಬೇಕಾದ ಬದುಕು

ಒಂದೇ ದಿನದಲ್ಲಿ 833 ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಕನ್ನಡಿಗ ವೈದ್ಯರೊಬ್ಬರಿದ್ದರು ಎಂಬ ಫಾರ್ವರ್ಡ್ ಆಗಾಗ ನಮ್ಮ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ಅದು ಸುಳ್ಳಲ್ಲ. ಆ ವೈದ್ಯರು ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ. ಜನ ಅವರನ್ನು ಕರೆಯುತ್ತಿದ್ದದ್ದು ಡಾ. ಎಂ.ಸಿ. ಮೋದಿ ಎಂದು.

ಆದರೆ ಈ ಫಾರ್ವರ್ಡ್ ಓದಿದ ಮೇಲೆ ಕೆಲವರು ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಆ ಕಾಲದಲ್ಲೇ ಕಣ್ಣಿನ ಆಪರೇಷನ್ ಎರಡು ನಿಮಿಷದ ಕೆಲಸವಾಗಿತ್ತು ಎಂದ ಮೇಲೆ ಈಗಿನ ಲೇಸರ್ ಇನ್ನೂ ಸುಲಭ ಎಂದುಕೊಳ್ಳುತ್ತಾರೆ. ಮದ್ದೂರಿನ ಶಿವಪುರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಲೇಸರ್ ಮಾಡಿಸಿಕೊಂಡು, ಸಂಜೆ ಕನ್ನಡಕ ಬಿಸಾಕಿ ಮನೆಗೆ ಬಂದರೆ ಮರುದಿನ ಕಬ್ಬಿನ ಗದ್ದೆಗೆ ಇಳಿಯಬಹುದು ಎಂದು ನಂಬುತ್ತಾರೆ.

ಮೋದಿಯವರ ಬದುಕನ್ನು ಸರಿಯಾಗಿ ನೋಡಿದರೆ ಸಿಗುವ ಪಾಠ ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿ ಅಥವಾ ಲೇಸರ್ ಓಡುವ ಹೊತ್ತು ಅತಿ ಚಿಕ್ಕದು. ಯಾರಿಗೆ ಮಾಡಬೇಕು, ಯಾರಿಗೆ ಮಾಡಬಾರದು ಎಂದು ನಿರ್ಧರಿಸುವುದು ಮತ್ತು ಮಾಡಿದ ಮೇಲೆ ಕಣ್ಣನ್ನು ಕಾಯುವುದು, ಇವೆರಡೇ ದೊಡ್ಡ ಕೆಲಸ. ಅವರ ಬದುಕಿನ ಜೊತೆಯಲ್ಲೇ ಇದನ್ನು ನಾವು ಒಂದೊಂದಾಗಿ ನೋಡೋಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ಮೋದಿಯವರು ಮಾಡುತ್ತಿದ್ದದ್ದು ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ. ಕಣ್ಣಿನ ಒಳಗೆ, ಪಾಪೆಯ ಹಿಂದೆ ಒಂದು ಪಾರದರ್ಶಕ ಲೆನ್ಸ್ ಇದೆ. ಸಾಮಾನ್ಯವಾಗಿ ವಯಸ್ಸಾದಂತೆ ಅದು ಮಂಜಾಗುತ್ತದೆ. ಅದೇ ಪೊರೆ.

ಕನ್ನಡಕ ಬಿಡಿಸುವ ಲೇಸರ್ ಕೆಲಸ ಮಾಡುವುದು ಬೇರೆ ಜಾಗದಲ್ಲಿ. ಕಣ್ಣಿನ ಎದುರಿಗೆ, ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ಬಾಗುವಿಕೆಯನ್ನು ಲೇಸರ್ ತುಸು ಬದಲಿಸುತ್ತದೆ. ಆಗ ಬೆಳಕು ಸರಿಯಾದ ಜಾಗದಲ್ಲಿ ಬೀಳುತ್ತದೆ, ಕನ್ನಡಕದ ಅಗತ್ಯ ಕಡಿಮೆಯಾಗುತ್ತದೆ. ಲೇಸಿಕ್, ಪಿಆರ್‌ಕೆ, ಸ್ಮೈಲ್ ಎಂಬ ಹೆಸರುಗಳೆಲ್ಲ ಈ ಗುಂಪಿಗೆ ಸೇರಿದವು.

ಆದ್ದರಿಂದ ಅಜ್ಜಿಯ ಪೊರೆಯನ್ನು ಲೇಸಿಕ್ ತೆಗೆಯುವುದಿಲ್ಲ, ಮೊಮ್ಮಗನ ಮೈನಸ್ ಪವರ್‌ಗೆ ಪೊರೆ ಶಿಬಿರದಲ್ಲಿ ಮದ್ದಿಲ್ಲ. ಪೊರೆ ಶಸ್ತ್ರಚಿಕಿತ್ಸೆಯ ಕೆಲವು ಹಂತಗಳಿಗೆ ಈಗ ಲೇಸರ್ ಬಳಸುವುದುಂಟು. ಆದರೂ ಮಂಜಾದ ಲೆನ್ಸನ್ನು ಕಣ್ಣಿನಿಂದ ಹೊರಗೆ ತೆಗೆಯಲೇಬೇಕು.

ಬೀಳಗಿಯ ಹುಡುಗ

ಮೋದಿಯವರು ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಆ ಊರು ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಬಿಸಿಲು, ಧೂಳು, ಬರ ಎಲ್ಲ ಕಂಡ ನಾಡು.

ಅವರು ಬೆಳೆದದ್ದು ಸ್ವಾತಂತ್ರ್ಯ ಚಳವಳಿಯ ಬಿಸಿಯಲ್ಲಿ. 1938ರ ಏಪ್ರಿಲ್‌ನಲ್ಲಿ ಶಿಂಷಾ ದಂಡೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಅವರು ಇಪ್ಪತ್ತೊಂದರ ಯುವಕ. ಗಾಂಧೀಜಿಯವರ ಪ್ರಭಾವ ಆ ತಲೆಮಾರಿನ ಅನೇಕರನ್ನು ಜೈಲಿಗೆ ಕಳಿಸಿತು, ಕೆಲವರನ್ನು ಖಾದಿಗೆ, ಕೆಲವರನ್ನು ಹಳ್ಳಿ ಶಾಲೆಗೆ ಹಚ್ಚಿತು. ಮೋದಿಯವರನ್ನು ಅದು ಹಳ್ಳಿಗಳ ಕುರುಡುತನದ ಕಡೆಗೆ ತಿರುಗಿಸಿತು.

ಆಗಿನ ಸ್ಥಿತಿ ನೆನಪಿಸಿಕೊಳ್ಳಿ. ಕಣ್ಣಿನ ಆಸ್ಪತ್ರೆ ಇದ್ದದ್ದು ದೊಡ್ಡ ನಗರಗಳಲ್ಲಿ ಮಾತ್ರ. ಹಳೆಯ ಮೈಸೂರಿನವರಿಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ. ಉತ್ತರ ಕರ್ನಾಟಕದವರಿಗೆ ಅದೂ ದೂರ. ಕಣ್ಣು ಕಾಣದ ಹಿರಿಯರು ಮನೆಯ ಜಗಲಿಯ ಮೂಲೆಯಲ್ಲಿ ಕೂತು ಉಳಿದ ಆಯುಸ್ಸು ಕಳೆಯುತ್ತಿದ್ದರು. ಅವರ ಕೈ ಹಿಡಿದು ನಡೆಸಲು ಮನೆಯ ಒಂದು ಮಗು ಶಾಲೆ ಬಿಡಬೇಕಾಗುತ್ತಿತ್ತು. ವಿಧಿ ಎಂದುಕೊಂಡಿದ್ದ ಈ ಕುರುಡುತನದಲ್ಲಿ ದೊಡ್ಡ ಪಾಲು ಪೊರೆಯದ್ದು. ಅಂದರೆ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವಂಥದ್ದು.

ರೋಗಿ ಆಸ್ಪತ್ರೆಗೆ ಬರಲಾರ ಎಂದ ಮೇಲೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕು. 1943ರಿಂದ ಮೋದಿಯವರು ಮಾಡತೊಡಗಿದ್ದು ಇದನ್ನೇ. ದಾವಣಗೆರೆ ಅವರ ಕೆಲಸದ ದೊಡ್ಡ ನೆಲೆಯಾಯಿತು. ಮುಂದೆ ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬಳಿಯೂ ಅವರ ಹೆಸರಿನ ಆಸ್ಪತ್ರೆ ಬಂತು. ಈಗಲೂ ಅಲ್ಲಿನ ರಸ್ತೆಯೊಂದಕ್ಕೆ ಅವರದೇ ಹೆಸರು. ಆದರೆ ಅವರ ನಿಜವಾದ ಆಸ್ಪತ್ರೆ ಎಂದರೆ ಊರೂರಿನ ನೇತ್ರ ಶಿಬಿರ.

833ರ ಲೆಕ್ಕ ಏನು ಹೇಳುತ್ತದೆ?

833 ಶಸ್ತ್ರಚಿಕಿತ್ಸೆಗಳ ಆ ದಿನ ನಡೆದದ್ದು ತಿರುಪತಿಯಲ್ಲಿ. ಗಿನ್ನೆಸ್ ದಾಖಲೆ ಪುಸ್ತಕ ಇದನ್ನು ಸೇರಿಸಿಕೊಂಡಿತು.

ಒಂದು ಸರಳ ಲೆಕ್ಕ ಹಾಕೋಣ. ದಿನದ 24 ಗಂಟೆ ಎಂದರೆ 1440 ನಿಮಿಷ. ಊಟ ನಿದ್ದೆ ಬಿಟ್ಟು ಕೆಲಸ ಮಾಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗುವುದಿಲ್ಲ. ಹಾಗಾದರೆ ಇದು ಹೇಗೆ ಸಾಧ್ಯವಾಯಿತು?

ಉತ್ತರ ಸಾಲು ವ್ಯವಸ್ಥೆಯಲ್ಲಿದೆ. ರೋಗಿಯ ತಪಾಸಣೆ, ಮುಖ ತೊಳೆಸುವುದು, ರೆಪ್ಪೆಯ ಕೂದಲು ಕತ್ತರಿಸುವುದು, ಔಷಧಿ ಹನಿ, ಅರಿವಳಿಕೆ, ಟೇಬಲ್ ಮೇಲೆ ಮಲಗಿಸುವುದು, ಕೊನೆಯಲ್ಲಿ ಪಟ್ಟಿ ಕಟ್ಟುವುದು, ಇವೆಲ್ಲ ಬೇರೆ ಬೇರೆ ಕೈಗಳ ಕೆಲಸ. ಶಸ್ತ್ರಚಿಕಿತ್ಸಕ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಸಾಗುತ್ತ ಕತ್ತರಿಸಿ ಲೆನ್ಸ್ ತೆಗೆಯುವ ಆ ಒಂದು ಹಂತ ಮಾತ್ರ ಮಾಡುತ್ತಾನೆ. ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ, ಸಾರು, ಪಲ್ಯ ಬಡಿಸಲು ಒಬ್ಬೊಬ್ಬರು ಇದ್ದ ಹಾಗೆ. ಎಲೆಗೆ ಸಾರು ಬೀಳುವುದು ಅರೆಗಳಿಗೆ. ಅದರ ಹಿಂದಿನ ಅಡುಗೆ ಇಡೀ ರಾತ್ರಿಯದ್ದು.

ಅಂದರೆ 833 ಎಂಬುದು ಒಬ್ಬರ ಕೈಚಳಕದ ಸಂಖ್ಯೆ ಅಷ್ಟೇ ಅಲ್ಲ, ನೂರಾರು ಜನರ ಸಿದ್ಧತೆಯ ಸಂಖ್ಯೆ. ಅದು ಅವರ ದಿನನಿತ್ಯದ ವೇಗವೂ ಆಗಿರಲಿಲ್ಲ. 1993ರ ಫೆಬ್ರವರಿವರೆಗೆ ಅವರು ಮಾಡಿದ ಒಟ್ಟು ಶಸ್ತ್ರಚಿಕಿತ್ಸೆ 6,10,564 ಎಂದು ಗಿನ್ನೆಸ್ ದಾಖಲಿಸಿದೆ. ಐವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 33. ಅದೂ ಅಸಾಮಾನ್ಯವೇ, ಆದರೆ 833 ಅಲ್ಲ.

ಫಾರ್ವರ್ಡ್‌ನಲ್ಲಿ ಇರದ ಸಂಖ್ಯೆ: ಇಪ್ಪತ್ತರಲ್ಲಿ ಒಬ್ಬರು

ಅದೇ ದಾಖಲೆಯಲ್ಲಿ ಇನ್ನೂ ಎರಡು ಸಂಖ್ಯೆಗಳಿವೆ. ಮೋದಿಯವರು ತಲುಪಿದ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630.

ನೋಡಿದ್ದು ಒಂದು ಕೋಟಿ ಇಪ್ಪತ್ತೊಂದು ಲಕ್ಷ, ಶಸ್ತ್ರಚಿಕಿತ್ಸೆ ಆರು ಲಕ್ಷ. ಭಾಗಿಸಿ ನೋಡಿ, ಸುಮಾರು ಇಪ್ಪತ್ತಕ್ಕೆ ಒಂದು. ಉಳಿದ ಹತ್ತೊಂಬತ್ತು ಪಾಲಿಗೆ ಚಾಕು ಬೇಕಾಗಿರಲಿಲ್ಲ, ಅಥವಾ ಚಾಕುವಿನಿಂದ ಪ್ರಯೋಜನವಿರಲಿಲ್ಲ. ಕೆಲವರಿಗೆ ಕನ್ನಡಕ ಸಾಕು, ಕೆಲವರಿಗೆ ಹನಿ ಔಷಧಿ. ಕೆಲವರ ಪೊರೆ ಇನ್ನೂ ಬಲಿತಿರುವುದಿಲ್ಲ. ಸಿಡುಬಿನಿಂದ ಕಾರ್ನಿಯಾ ಬೆಳ್ಳಗಾದವರಿಗೆ, ಗ್ಲಾಕೋಮಾದಿಂದ ನರ ಸತ್ತವರಿಗೆ ಪೊರೆ ತೆಗೆದರೂ ಬೆಳಕು ಬಾರದು.

ಇದನ್ನು ಪತ್ತೆ ಮಾಡುವ ವಿಧಾನ ಆ ಕಾಲದ ಶಿಬಿರಗಳಲ್ಲಿ ಸರಳವಾಗಿತ್ತು, ಆದರೆ ಕಟ್ಟುನಿಟ್ಟಾಗಿತ್ತು. ಟಾರ್ಚ್ ಬೆಳಕಿಗೆ ಪಾಪೆ ಕುಗ್ಗುತ್ತದೆಯೇ? ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟರೆ ಎಲ್ಲಿಂದ ಬಂತೆಂದು ರೋಗಿ ಕೈ ತೋರಿಸುತ್ತಾರೆಯೇ? ಕಣ್ಣೀರಿನ ನಾಳದಲ್ಲಿ ಕೀವಿದೆಯೇ? ಮೂತ್ರದಲ್ಲಿ ಸಕ್ಕರೆ ಇದೆಯೇ? ರಕ್ತದೊತ್ತಡ ಎಷ್ಟು? ಇವುಗಳಲ್ಲಿ ಒಂದು ತಪ್ಪಿದರೂ ಆ ದಿನ ಟೇಬಲ್ ಹತ್ತಿಸುವಂತಿರಲಿಲ್ಲ. ಹತ್ತಾರು ಮೈಲಿ ನಡೆದು ಬಂದ ಮುದುಕರನ್ನು ವಾಪಸ್ ಕಳಿಸುವುದು ಯಾರಿಗೂ ಸುಲಭವಲ್ಲ. ಆದರೂ ಬೇಡ ಎನ್ನಬೇಕಾದ ಕಡೆ ಬೇಡ ಎನ್ನುವುದೂ ಚಿಕಿತ್ಸೆಯೇ.

ಲೇಸರ್‌ಗೆ ಯಾರು ಸೂಕ್ತರಲ್ಲ?

ಈಗ ಲೇಸರ್ ಕೇಂದ್ರಕ್ಕೆ ಬನ್ನಿ. ಟಾರ್ಚ್ ಜಾಗದಲ್ಲಿ ಕಂಪ್ಯೂಟರ್ ಬಂದಿದೆ, ಪ್ರಶ್ನೆ ಮಾತ್ರ ಅದೇ: ಈ ಕಣ್ಣಿಗೆ ಇದು ತಕ್ಕದ್ದೇ?

ವಯಸ್ಸು: ಹದಿನೆಂಟು ದಾಟಿರಬೇಕು. ಅದಕ್ಕಿಂತ ಮುಖ್ಯ, ಪವರ್ ಕನಿಷ್ಠ ಒಂದು ವರ್ಷದಿಂದ ಹೆಚ್ಚುಕಡಿಮೆ ಬದಲಾಗದೆ ನಿಂತಿರಬೇಕು. ಹೋದ ವರ್ಷ ಮೈನಸ್ ಎರಡೂವರೆ ಇದ್ದದ್ದು ಈ ವರ್ಷ ಮೂರೂಕಾಲು ಆಗಿದ್ದರೆ ಕಾಯಬೇಕು. ಈಗ ಮಾಡಿಸಿದರೆ ಕಣ್ಣು ಮತ್ತೆ ಬದಲಾಗಿ ಕನ್ನಡಕ ವಾಪಸ್ ಬರುತ್ತದೆ. ಮದುವೆ ನಿಶ್ಚಯವಾಗಿದೆ, ನೇಮಕಾತಿ ಅರ್ಜಿ ಹಾಕಿದ್ದೇವೆ ಎಂಬ ಅವಸರ ಕಣ್ಣಿಗೆ ತಿಳಿಯುವುದಿಲ್ಲ.

ಕಾರ್ನಿಯಾದ ದಪ್ಪ: ನಡುಭಾಗದಲ್ಲಿ ಸರಾಸರಿ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಲೇಸಿಕ್‌ನಲ್ಲಿ ಮೇಲಿನ ಸುಮಾರು 110 ಮೈಕ್ರಾನ್ ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗಿನ ಭಾಗವನ್ನು ಲೇಸರ್‌ನಿಂದ ಸವೆಸುತ್ತಾರೆ. ಒಂದು ಪವರ್‌ಗೆ ಅಂದಾಜು 12ರಿಂದ 15 ಮೈಕ್ರಾನ್ ಹೋಗುತ್ತದೆ. ಮುಚ್ಚಳ ಬಿಟ್ಟು ಕೆಳಗೆ ಕನಿಷ್ಠ 250ರಿಂದ 300 ಮೈಕ್ರಾನ್ ಉಳಿಯಲೇಬೇಕು. ಮೈನಸ್ ಮೂರು ಇರುವ 540ರ ಕಾರ್ನಿಯಾಗೆ ಇದು ಸಲೀಸು. ಮೈನಸ್ ಎಂಟು ಇರುವ 480ರ ಕಾರ್ನಿಯಾಗೆ ಲೆಕ್ಕ ಹೊಂದುವುದಿಲ್ಲ. ಪಕ್ಕದ ಮನೆಯ ಹುಡುಗನಿಗೆ ಆಯಿತು, ನನಗೇಕೆ ಆಗದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕಾರ್ನಿಯಾದ ಆಕಾರ: ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ಅಲರ್ಜಿಯಿಂದ ಸದಾ ಕಣ್ಣು ಉಜ್ಜುವ ಮಕ್ಕಳಲ್ಲಿ, ಯುವಕರಲ್ಲಿ ಇದರ ಅಪಾಯ ಹೆಚ್ಚು. ಆರಂಭದಲ್ಲಿ ಹೊರಗೆ ಏನೂ ತಿಳಿಯುವುದಿಲ್ಲ, ಕನ್ನಡಕದ ಪವರ್ ಬೇಗ ಬೇಗ ಬದಲಾಗುತ್ತದೆ ಅಷ್ಟೆ. ಇಂಥ ಕಣ್ಣಿಗೆ ಲೇಸಿಕ್ ಮಾಡಿದರೆ ಉಬ್ಬು ಜೋರಾಗಿ, ಕಾರ್ನಿಯಾ ಬದಲಿಸುವ ತನಕ ಹೋಗಬಹುದು. ಕಾರ್ನಿಯಾದ ನಕ್ಷೆ ತೆಗೆಯುವ ಟೋಪೋಗ್ರಫಿ ಪರೀಕ್ಷೆ ತಪ್ಪಿಸಬಾರದು ಎನ್ನುವುದು ಇದಕ್ಕೇ.

ಇತರೆ: ತೀವ್ರ ಒಣಗಣ್ಣು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಗಾಯ ಮಾಯುವುದನ್ನು ತಡೆಯುವ ಕೆಲವು ರೋಗನಿರೋಧಕ ಶಕ್ತಿಯ ಕಾಯಿಲೆಗಳು, ಹಿಂದೆ ಕಾರ್ನಿಯಾಗೆ ಹರ್ಪಿಸ್ ಸೋಂಕು ಆಗಿದ್ದು, ಇವೆಲ್ಲ ಅಡ್ಡಿಗಳು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಮುಂದೂಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಮುನ್ನ ವೈದ್ಯರು ಹೇಳಿದಷ್ಟು ದಿನ ಬಿಟ್ಟಿರಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪಾಗುತ್ತದೆ.

ರೆಟಿನಾ: ಮೈನಸ್ ಪವರ್ ಹೆಚ್ಚಿದ್ದವರ ಕಣ್ಣಿನ ಹಿಂಪರದೆ ತೆಳುವಾಗಿರಬಹುದು. ಲೇಸರ್ ಆದ ಮೇಲೂ ಆ ಅಪಾಯ ಹೋಗುವುದಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ ಹಿಂಪರದೆ ನೋಡಿಸಿಕೊಂಡೇ ಮುಂದುವರಿಯಿರಿ.

ಪಟ್ಟಿ ಬಿಚ್ಚಿದ ಮೇಲಿನ ಕಥೆ

ಮತ್ತೆ ಶಿಬಿರಕ್ಕೆ ಹೋಗೋಣ. ಆ ಕಾಲದ ವಿಧಾನದಲ್ಲಿ ಕಾರ್ನಿಯಾದ ಅಂಚಿನ ಸುಮಾರು ಅರ್ಧ ಸುತ್ತು ಕತ್ತರಿಸಿ, ಇಡೀ ಲೆನ್ಸನ್ನು ಅದರ ಚೀಲದ ಸಮೇತ ಹೊರಗೆ ತೆಗೆಯುತ್ತಿದ್ದರು. ಗಾಯ ದೊಡ್ಡದು. ಕೆಮ್ಮಿದರೆ, ಬಗ್ಗಿದರೆ, ಭಾರ ಎತ್ತಿದರೆ ಗಾಯ ಬಿಚ್ಚಿಕೊಳ್ಳುವ ಭಯ. ಆದ್ದರಿಂದ ರೋಗಿಗಳು ಶಾಲೆಯ ಕೋಣೆಯಲ್ಲೋ ಛತ್ರದಲ್ಲೋ ಸಾಲಾಗಿ ದಿನಗಟ್ಟಲೆ ಅಲುಗಾಡದೆ ಮಲಗಬೇಕು. ಊರಿನವರು, ಸಂಘ ಸಂಸ್ಥೆಯವರು ಗಂಜಿ, ಹಾಲು ಕೊಟ್ಟು, ಕೈ ಹಿಡಿದು ಹೊರಗೆ ಕರೆದೊಯ್ದು ನೋಡಿಕೊಳ್ಳುತ್ತಿದ್ದರು. ವೈದ್ಯರು ಎರಡು ನಿಮಿಷದಲ್ಲಿ ಮಾಡಿದ ಕೆಲಸ ಉಳಿಯುವುದು ಈ ದಿನಗಳ ಸೇವೆಯಿಂದ.

ಅಲ್ಲಿಗೂ ಮುಗಿಯಲಿಲ್ಲ. ತೆಗೆದ ಲೆನ್ಸಿನ ಬದಲಿಗೆ ಕಣ್ಣಿನೊಳಗೆ ಆಗ ಏನನ್ನೂ ಇಡುತ್ತಿರಲಿಲ್ಲ. ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜಿನ ಕನ್ನಡಕ ಹಾಕಬೇಕಿತ್ತು. ಅದರಲ್ಲಿ ವಸ್ತುಗಳು ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ, ಪಕ್ಕದ್ದು ಕಾಣುವುದಿಲ್ಲ. ಮೆಟ್ಟಿಲು ಎಲ್ಲಿದೆ ಎಂದು ತಿಳಿಯದೆ ಎಡವುವುದು ಸಾಮಾನ್ಯ. ಆ ಕನ್ನಡಕ ಒಡೆದರೆ, ಕಳೆದರೆ ಮನುಷ್ಯ ಮತ್ತೆ ಹೆಚ್ಚುಕಡಿಮೆ ಕುರುಡ. ಹೊಸದಕ್ಕೆ ದುಡ್ಡಿಲ್ಲದೆ ಹಾಗೇ ಉಳಿದವರು ನಮ್ಮ ದೇಶದ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದರು. ಶಸ್ತ್ರಚಿಕಿತ್ಸೆ ಯಶಸ್ವಿ ಎಂದು ಬರೆದ ಪುಸ್ತಕದಲ್ಲಿ ಈ ಲೆಕ್ಕ ಸಿಗುವುದಿಲ್ಲ.

ಕಣ್ಣಿನೊಳಗೇ ಕೃತಕ ಲೆನ್ಸ್ ಇಡುವ ವಿಧಾನವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಶುರು ಮಾಡಿದ್ದರು. ನಮ್ಮ ಹಳ್ಳಿಗಳಿಗೆ ಅದು ವ್ಯಾಪಕವಾಗಿ ಬಂದದ್ದು ದಶಕಗಳ ನಂತರ. ಇಂದು ಪೊರೆ ಶಸ್ತ್ರಚಿಕಿತ್ಸೆಯಾದವರು ಆ ದಪ್ಪ ಗಾಜು ಹಾಕಬೇಕಿಲ್ಲ.

ಲೇಸರ್ ಆದ ಮೇಲೆ ಮಂಡ್ಯದ ಕಣ್ಣು

ಕಾರ್ನಿಯಾವನ್ನು ಇಷ್ಟು ನಯವಾಗಿ ಸವೆಸುವ ಲೇಸರ್ ಹಿಂದೆಯೂ ಒಬ್ಬ ಭಾರತೀಯ ಮೂಲದ ವಿಜ್ಞಾನಿ ಇದ್ದಾರೆ. ಮದ್ರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಜೊತೆಗಾರರು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಅಕ್ಕಪಕ್ಕ ಸುಡದೆ ಅದು ಅಚ್ಚುಕಟ್ಟಾಗಿ ಕೊರೆಯಿತು. ಅಲ್ಲಿಂದ ಒಂದು ದಶಕದೊಳಗೆ ಲೇಸಿಕ್ ಬಂತು. ಈಗ ಒಂದು ಕಣ್ಣಿಗೆ ಲೇಸರ್ ಓಡುವುದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ.

ಆದರೆ ಚೇತರಿಕೆ ಒಂದು ನಿಮಿಷದ್ದಲ್ಲ. ಲೇಸಿಕ್ ಆದ ಕೆಲವು ಗಂಟೆ ಉರಿ, ನೀರು ಸುರಿಯುವುದು ಸಹಜ. ಹೆಚ್ಚಿನವರಿಗೆ ಮರುದಿನ ಚೆನ್ನಾಗಿ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ. ಕಂಡಿತು ಎಂದರೆ ಮಾಯಿತು ಎಂದಲ್ಲ. ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಉಂಗುರ ಕಾಣುವುದು ಕೆಲವರಿಗೆ ಮೂರರಿಂದ ಆರು ತಿಂಗಳು ಇರಬಹುದು, ಅಪರೂಪಕ್ಕೆ ಇನ್ನೂ ಹೆಚ್ಚು. ಪಿಆರ್‌ಕೆ ವಿಧಾನದಲ್ಲಿ ಮುಚ್ಚಳ ಇರುವುದಿಲ್ಲ, ಮೇಲ್ಪದರ ಹೊಸದಾಗಿ ಬೆಳೆಯಬೇಕು. ಆದ್ದರಿಂದ ಮೂರರಿಂದ ಐದು ದಿನ ಚೆನ್ನಾಗಿಯೇ ನೋವು, ನೋಟ ಸ್ಥಿರವಾಗಲು ವಾರಗಳು ಬೇಕು.

ನಗರದ ಆಫೀಸಿನ ಕೆಲಸಗಾರರಿಗೆ ಹೇಳುವ ಸಲಹೆ ಶಿವಪುರದ ರೈತರಿಗೆ ಸಾಲದು. ಕಬ್ಬಿನ ಗರಿ ಅಲಗಿನಂತೆ ಹರಿತ. ಭತ್ತದ ಹೊಟ್ಟು, ಆಲೆಮನೆಯ ಹೊಗೆ ಮತ್ತು ಸಿಪ್ಪೆಯ ಧೂಳು, ನಾಲೆಯ ನೀರು ಎಲ್ಲವೂ ಮಾಯದ ಕಾರ್ನಿಯಾಗೆ ಅಪಾಯ. ಗಿಡದ ಗರಿ, ಹುಲ್ಲು ತಾಗಿದ ಕಾರ್ನಿಯಾಗೆ ಶಿಲೀಂಧ್ರ ಸೋಂಕು ತಗಲುವುದು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಸಾಮಾನ್ಯ, ಅದು ನೋಟವನ್ನೇ ತೆಗೆಯಬಲ್ಲದು. ಹೊಲದ ಕೆಲಸಕ್ಕೆ ಯಾವಾಗ ಇಳಿಯಬಹುದು ಎಂದು ವೈದ್ಯರನ್ನು ನೇರವಾಗಿ ಕೇಳಿ. ಕಟಾವಿನ ಹಂಗಾಮಿನಲ್ಲಿ ಲೇಸರ್ ಇಟ್ಟುಕೊಳ್ಳಬೇಡಿ. ಕೆಲಸಕ್ಕೆ ಮರಳಿದ ಮೇಲೂ ಪಕ್ಕ ಮುಚ್ಚಿದ ರಕ್ಷಣಾ ಕನ್ನಡಕ ಹಾಕಿ.

ಇನ್ನು ಕೆಲವು ಸರಳ ನಿಯಮಗಳು:

- ಕಣ್ಣು ಉಜ್ಜಬೇಡಿ. ಹೇಳಿದಷ್ಟು ದಿನ ರಾತ್ರಿ ಕಣ್ಣಿಗೆ ರಕ್ಷಣಾ ಕವಚ ಹಾಕಿ ಮಲಗಿ.
- ಮೊದಲ ವಾರ ತಲೆಗೆ ನೀರು ಹಾಕುವಾಗ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ನಾಲೆ, ಕೆರೆ, ಈಜುಕೊಳ ಒಂದು ತಿಂಗಳು ಬೇಡ.
- ಲೇಸಿಕ್‌ನ ಮುಚ್ಚಳ ಎಂದೂ ಮೊದಲಿನಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಕಬಡ್ಡಿ, ಕುಸ್ತಿ ಆಡುವವರು ಮೊದಲೇ ತಿಳಿಸಿ. ಅವರಿಗೆ ಮುಚ್ಚಳ ಎತ್ತದ ವಿಧಾನ ಮೇಲು.
- ಎದೆಹಾಲು, ನಂದಿಬಟ್ಟಲಿನ ರಸ, ಜೇನು, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ.
- ಸ್ಟೆರಾಯ್ಡ್ ಹನಿಯನ್ನು ಹೇಳಿದ ದಿನಕ್ಕೆ ನಿಲ್ಲಿಸಿ. ಚೆನ್ನಾಗಿದೆ ಎಂದು ಅಂಗಡಿಯಲ್ಲಿ ಕೊಂಡು ಮುಂದುವರಿಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.
- ನೋವು ಹೆಚ್ಚುತ್ತಾ ಹೋದರೆ, ಕೆಂಪು, ಕೀವು, ಬೆಳಕು ಸಹಿಸಲಾಗದ ಸ್ಥಿತಿ ಬಂದರೆ, ಕಾಣುತ್ತಿದ್ದದ್ದು ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.

ಎಲ್ಲ ಸರಿಯಾಯಿತು ಎಂದ ಮೇಲೂ

ಮೋದಿಯವರು ಹಳ್ಳಿಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲದಲ್ಲೇ ಜಪಾನಿನಲ್ಲಿ ತ್ಸುಟೊಮು ಸಾಟೊ ಎಂಬ ವೈದ್ಯರು ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಲೇಸರ್ ಇರಲಿಲ್ಲ. ಕಾರ್ನಿಯಾದ ಹೊರಗೂ ಒಳಗೂ ಸಣ್ಣ ಗೀರು ಹಾಕಿ ಅದನ್ನು ಚಪ್ಪಟೆ ಮಾಡುತ್ತಿದ್ದರು. ರೋಗಿಗಳಿಗೆ ಕಂಡಿತು, ಖುಷಿಯಾದರು. ಆದರೆ ಕಾರ್ನಿಯಾದ ಒಳಪದರದ ಜೀವಕೋಶಗಳು ನಾಶವಾದರೆ ಮತ್ತೆ ಹುಟ್ಟುವುದಿಲ್ಲ, ಕಾರ್ನಿಯಾ ತಿಳಿಯಾಗಿರಲು ಅವೇ ಬೇಕು ಎಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಸಾಟೊ 1960ರಲ್ಲಿ ತೀರಿಕೊಂಡರು. ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತು ವರ್ಷದ ಆಸುಪಾಸಿನಲ್ಲಿ ಆ ರೋಗಿಗಳಲ್ಲಿ ಬಹಳ ಮಂದಿಯ ಕಾರ್ನಿಯಾ ಊದಿಕೊಂಡು ಮಂಜಾಗತೊಡಗಿತು.

ಈಗಿನ ಲೇಸರ್ ಆ ಒಳಪದರವನ್ನು ಮುಟ್ಟುವುದಿಲ್ಲ. ಅದರ ಹಿಂದೆ ಮೂರು ದಶಕಕ್ಕೂ ಹೆಚ್ಚಿನ ಅನುಭವವಿದೆ. ಸರಿಯಾಗಿ ಆಯ್ಕೆಯಾದ ಕಣ್ಣಿಗೆ ಅದು ಒಳ್ಳೆಯ ಚಿಕಿತ್ಸೆ. ಆದರೂ ಕಣ್ಣಿನ ಫಲಿತಾಂಶವನ್ನು ಮರುದಿನದ ಖುಷಿಯಿಂದ ಅಳೆಯಬಾರದು ಎಂಬ ಪಾಠ ಹಾಗೇ ಉಳಿದಿದೆ.

ಅದಕ್ಕೇ ಒಂದು ಕೆಲಸ ತಪ್ಪದೆ ಮಾಡಿ. ಲೇಸರ್‌ಗೆ ಮುನ್ನ ಇದ್ದ ಪವರ್, ಕಾರ್ನಿಯಾದ ಅಳತೆ, ಮಾಡಿದ ವಿಧಾನ ಇವುಗಳ ಕಾಗದ ಪಡೆದು ಜೋಪಾನವಾಗಿಡಿ. ಇಂದು ಲೇಸರ್ ಮಾಡಿಸಿಕೊಂಡ ಯುವಕರಿಗೂ ವಯಸ್ಸಾದಾಗ ಪೊರೆ ಬರಬಹುದು. ಆಗ ಒಳಗೆ ಇಡುವ ಲೆನ್ಸಿನ ಪವರ್ ಲೆಕ್ಕ ಹಾಕಲು ಈ ಹಳೆಯ ಅಳತೆ ಬೇಕಾಗುತ್ತದೆ. ತೆಳುವಾದ ಕಾರ್ನಿಯಾದಲ್ಲಿ ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ ತಪಾಸಣೆಯಲ್ಲಿ ಲೇಸರ್ ಆಗಿದೆ ಎಂದು ಹೇಳಲೇಬೇಕು. ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬರುವುದನ್ನು ಲೇಸಿಕ್ ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಕೊನೆಯ ದಿನಗಳು

ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಮುಂದಿನ ದಶಕಗಳಲ್ಲಿ ಶಿಬಿರದ ರೂಪವೇ ಬದಲಾಯಿತು. ಊರಿನಲ್ಲಿ ತಪಾಸಣೆ ಮಾತ್ರ ಮಾಡಿ, ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಸುಸಜ್ಜಿತ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಬಂತು. ಸೋಂಕಿನ ಭಯವಿರುವ ಶಾಲೆ ಕೋಣೆಯಲ್ಲಿ ಇಂದು ಯಾರೂ ಕಣ್ಣು ಕತ್ತರಿಸಬಾರದು. ಆಗ ಬೇರೆ ದಾರಿ ಇರಲಿಲ್ಲ, ಈಗ ಇದೆ. 833ರ ದಾಖಲೆಯನ್ನು ಇಂದು ಯಾರಾದರೂ ಮುರಿಯಲು ಹೊರಟರೆ ಅದು ಹೆಮ್ಮೆಯ ವಿಷಯವಲ್ಲ.

ಮೋದಿಯವರು 2005ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 89 ವರ್ಷ. ಅಷ್ಟರಲ್ಲಿ ಅದೇ ಬೆಂಗಳೂರಿನಲ್ಲಿ ಲೇಸಿಕ್ ಮಾಮೂಲಿಯಾಗಿತ್ತು. ದಪ್ಪ ಗಾಜಿನ ಕನ್ನಡಕ ಸಿಕ್ಕರೆ ಸಾಕೆನ್ನುತ್ತಿದ್ದವರ ಮೊಮ್ಮಕ್ಕಳು ಕನ್ನಡಕವೇ ಬೇಡ ಎನ್ನುವ ಕಾಲ ಅವರ ಒಂದೇ ಆಯುಸ್ಸಿನಲ್ಲಿ ಬಂದುಹೋಯಿತು.

ಫಾರ್ವರ್ಡ್ ಮಾಡುವ ಮುನ್ನ

- ನಿಜ: ಡಾ. ಎಂ.ಸಿ. ಮೋದಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿದೆ.
- ತಪ್ಪು: ಆದ್ದರಿಂದ ಕಣ್ಣಿನ ಆಪರೇಷನ್, ಲೇಸರ್ ಎಲ್ಲ ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದ ಸುಲಭ ಕೆಲಸ.
- ತಪ್ಪು: ಲೇಸಿಕ್‌ನಿಂದ ಪೊರೆ ಹೋಗುತ್ತದೆ, ಮುಂದೆ ಎಂದೂ ಕನ್ನಡಕ ಬಾರದು.
- ನೆನಪಿಡಿ: ಪರೀಕ್ಷೆ ಮಾಡಿ ನಿಮಗೆ ಲೇಸರ್ ಬೇಡ ಎಂದ ವೈದ್ಯರು ನಿಮ್ಮ ಕಣ್ಣು ಉಳಿಸಿದ್ದಾರೆ. ಪರೀಕ್ಷೆಯೇ ಇಲ್ಲದೆ ಇವತ್ತೇ ಮಾಡೋಣ ಎಂದರೆ ಅಲ್ಲಿಂದ ಎದ್ದು ಬನ್ನಿ.

833 ಎಂಬ ಸಂಖ್ಯೆಯನ್ನು ಹಂಚಿಕೊಳ್ಳುವಾಗ ಅದರ ಜೊತೆಗೆ ಇಪ್ಪತ್ತಕ್ಕೆ ಒಂದು ಎಂಬ ಲೆಕ್ಕವನ್ನೂ ಸೇರಿಸಿ ಕಳಿಸಿ. ಲೇಸರ್ ಜಾಹೀರಾತು ನೋಡಿ ಮುಂಗಡ ಕಟ್ಟಲು ಹೊರಟಿರುವ ನಿಮ್ಮ ಗುಂಪಿನ ಯಾರಿಗಾದರೂ ಅದು ಕೆಲಸಕ್ಕೆ ಬರಬಹುದು.